ಸೌಂಡ್ ದಾಟುವ ದಿನ

ಹಡಗಿನ ಬಾಯಿಯ ಉಕ್ಕಿನ ಹಲಗೆ ಧಡಾರನೆ ಮೇಲೆದ್ದು ಕೂತಿತು, ಕಾರಿನ ಗಾಜು ಅದುರಿತು, ಓಸ್ಲಾಳ ಹಲ್ಲು ಜುಮ್ಮೆಂದಿತು, ಹಿಂದಿನ ಸೀಟಿನಲ್ಲಿ ಅವಳ ಪಕ್ಕಕ್ಕೆ ಪಟ್ಟಿ ಬಿಗಿದು ಮಲಗಿಸಿದ್ದ ಮಗಳು ಸುನ್ನಿವಾ ಮಾತ್ರ ರೆಪ್ಪೆ ಕೂಡ ಅಲುಗಿಸಲಿಲ್ಲ — ನಿದ್ದೆ, ಬರೀ ನಿದ್ದೆ, ಹೊಟ್ಟೆ ತುಂಬಿದ ಹಸುಗೂಸು ಹೀಗೇ ಮಲಗುತ್ತದೆ, ಎಲ್ಲ ಕೂಸೂ ಹೀಗೇ — ಟಿಕೆಟ್ಟಿಗೆಂದು ಬಂದ ಹಡಗಿನಾಳು ಸ್ಯಾಂಡಿ ಕಿಟಕಿಯಲ್ಲಿ ಬಗ್ಗಿ ನೋಡಿ ಎಂಥಾ ಒಳ್ಳೇ ಕೂಸಮ್ಮ ಇದು, ಸೌಂಡಾಗಿ ನಿದ್ದೆ ಹೊಡೀತಿದೆ, ನಮ್ಮನೇಲೂ ಒಂದಿದೆ, ಬೆಕ್ಕು ಸೀನಿದ್ರೂ ಎದ್ದು ಕೂರುತ್ತೆ ಅಂದ, ಓಸ್ಲಾ ನಕ್ಕಳು, ನಗಬೇಕಲ್ಲ, ಸೌಂಡಾಗಿ, ಹೌದು, ಆ ಪದವೇ ಬೇಕಿತ್ತೇನು ಇವನಿಗೆ, ಗಾಢವಾಗಿ ಎಂದು ಅರ್ಥ ಅಲ್ಲಿ, ಬಿರುಕಿಲ್ಲದ, ಹುಳುಕಿಲ್ಲದ, ಇಡಿಯಾದ ನಿದ್ದೆ, ಇಂಗ್ಲಿಷಿನ ಹಳೇ ಅಜ್ಜಂದಿರ ಕಾಲದ ಪದ, ಜರ್ಮನರು ಇವತ್ತಿಗೂ ಆರೋಗ್ಯ ಅನ್ನೋದಕ್ಕೆ ಅದರ ಅಣ್ಣತಮ್ಮನನ್ನೇ ಬಳಸುತ್ತಾರೆ, ಅದಕ್ಕೂ ಸದ್ದಿಗೂ ಸಂಬಂಧವೇ ಇಲ್ಲ, ಹೊರಗೆ ಎಂಜಿನ್ನು ಗುಡುಗುತ್ತಿದೆ, ಸದ್ದಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ ಎಂದು ಬಸುರಿಯಾಗಿದ್ದಾಗ ಅವಳೇ ಕೂತು ತಿದ್ದಿದ್ದಳು, ನಿಘಂಟಿನವರು ದಕ್ಷಿಣದಿಂದ ಕೆಲಸ ಕಳಿಸುತ್ತಾರೆ, ಅವಳು ಯೆಲ್ ದ್ವೀಪದ ಅಡುಗೆಮನೆಯ ಮೇಜಿನಲ್ಲಿ ಕೂತು ಪದಗಳ ಹುಟ್ಟು ತಿದ್ದಿ ವಾಪಸು ಕಳಿಸುತ್ತಾಳೆ, ಸೌಂಡ್ ಪದ ತಿದ್ದುವುದು ಅರ್ಧಕ್ಕೆ ಬಂದಿತ್ತು, ಆಗ ಹೆರಿಗೆ ನೋವು ಶುರುವಾಯಿತು.

ಮುಂದಿನ ಸೀಟಿನಲ್ಲಿ ಅವಳ ಅಪ್ಪ ಗಿಬ್ಬಿ ಸ್ಟೇರಿಂಗ್ ಹಿಡಿದೇ ಕೂತಿದ್ದಾನೆ, ಹಡಗಿನ ಹೊಟ್ಟೆಯೊಳಗೆ ನಿಂತ ಕಾರನ್ನೂ ಅವನೇ ನಡೆಸುತ್ತಿರುವಂತೆ, ನಲವತ್ತು ವರ್ಷ ಮೀನುದೋಣಿ ನಡೆಸಿದವನಿಗೆ ಬೇರೆಯವರ ಹಡಗಿನ ಮೇಲೆ ನಂಬಿಕೆ ಬರುವುದಿಲ್ಲ, ಸೌಂಡ್ ಇವತ್ತು ಸುಮ್ಮನಿದೆ ಮಗಳೇ ಅಂದ, ಅವನ ಸೌಂಡ್ ಈ ನೀರು, ಎರಡು ದ್ವೀಪಗಳ ನಡುವಿನ ಈ ಕಿರಿದಾದ ಕಡಲು, ನಾರ್ವೆಯಿಂದ ಬಂದವರು ಬಿಟ್ಟುಹೋದ ಪದ, ಅವರ ಬಾಯಲ್ಲಿ ಅದಕ್ಕೆ ಈಜು ಎಂದೂ ಅರ್ಥವಿತ್ತು, ಈಜಿ ದಾಟಬಹುದಾದಷ್ಟು ನೀರು ಎಂದೇ ಹೆಸರು ಬಂತು ಅನ್ನುವವರಿದ್ದಾರೆ, ಈಜಿ ದಾಟಬಹುದಂತೆ, ಯಾರು, ಯಾವ ಎದೆಗಾರ — ಆಸ್ಪತ್ರೆಯಲ್ಲಿ ಇವತ್ತು ಏನು ಹೇಳುತ್ತಾರೋ, ಕೂಸು ಹುಟ್ಟಿದ ವಾರದಲ್ಲೇ ಮಾಡಿದ ಕಿವಿ ಪರೀಕ್ಷೆಗೆ ಉತ್ತರ ಬರಲಿಲ್ಲ, ಕಿವಿಯಲ್ಲಿ ಬಸಿರಿನ ನೀರು ನಿಂತಿರುತ್ತೆ, ಗಾಬರಿ ಬೇಡ ಅಂದರು, ಇನ್ನೊಂದು ಸಲ ಮಾಡಿದರು, ಆಗಲೂ ಬರಲಿಲ್ಲ, ಆಗ ಯಾರೂ ಗಾಬರಿ ಬೇಡ ಅನ್ನಲಿಲ್ಲ, ಅದೇ ಗಾಬರಿ, ಅವತ್ತಿನಿಂದ ಅವಳು ಮನೆಯಲ್ಲಿ ಕಳ್ಳಿಯಂತೆ ಓಡಾಡಿದ್ದಾಳೆ, ತೊಟ್ಟಿಲ ಹಿಂದೆ ನಿಂತು ಚಪ್ಪಾಳೆ, ಪಾತ್ರೆಯ ಮುಚ್ಚಳ ನೆಲಕ್ಕೆ, ಬಾಗಿಲು ಬೇಕೆಂದೇ ದಡ್ಡನೆ, ಆಮೇಲೆ ಆ ಪುಟ್ಟ ಮುಖದ ಮೇಲೆ ಬಗ್ಗಿ ಹುಡುಕಾಟ, ಹುಬ್ಬು ಅಲ್ಲಾಡಿತೇ, ಅಲ್ಲಾಡಿತು, ಇಲ್ಲ, ತನ್ನ ಉಸಿರು ತಗುಲಿ ಅಲ್ಲಾಡಿದ್ದು — ನಾಯಿ ಬೊಗಳಿದಾಗ ತಿರುಗಿತಲ್ಲೇ, ಅಪ್ಪ ಕನ್ನಡಿಯಲ್ಲಿ ಅವಳನ್ನೇ ನೋಡುತ್ತ ಅಂದ, ನಾನು ಕಣ್ಣಾರೆ ಕಂಡಿದೀನಿ, ನಾಯಿ ಬೊಗಳಿತು, ಇವಳು ತಿರುಗಿದಳು, ಆ ಡಾಕ್ಟರಮ್ಮನಿಗೆ ಅದನ್ನ ಹೇಳು ಮರೀಬೇಡ. ಹೇಳ್ತೀನಪ್ಪ ಅಂದಳು, ನಾಯಿ ತೊಟ್ಟಿಲ ಮುಂದೆ ಹಾದಾಗ ಬೆಳಕು ಅಡ್ಡವಾಯಿತು, ಕೂಸು ತಿರುಗಿದ್ದು ಆ ನೆರಳಿಗೆ, ಅದನ್ನು ಅಪ್ಪನಿಗೆ ಹೇಳಲಿಲ್ಲ, ಇರಲಿ, ಅವನೊಬ್ಬನಾದರೂ ಆ ನಾಯಿಯನ್ನು ನಂಬಿಕೊಂಡಿರಲಿ. ಕೂಸು ಗರ್ಭದಲ್ಲಿದ್ದಾಗ ಓಸ್ಲಾಳಿಗೊಂದು ಜ್ವರ ಬಂದಿತ್ತು, ವಾರವಿಡೀ, ಅದರಿಂದಲೇ, ಅಥವಾ ಮನೆಯಲ್ಲಿ ಸದ್ದೇ ಇರಲಿಲ್ಲವಲ್ಲ, ಗಂಡ ಎರ್ಟಿ ಮೀನು ಹಿಡಿಯಲು ಕಡಲಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ, ಅವಳು ರೇಡಿಯೋ ಕೂಡ ಹಾಕದೆ ಪದ ತಿದ್ದುತ್ತ ಕೂತಳು, ಒಳಗಿದ್ದ ಕೂಸಿಗೆ ಕೇಳಲು ಏನು ಸಿಕ್ಕಿತು, ಹುಚ್ಚು, ಹೀಗೆಲ್ಲ ಆಗುವುದಿಲ್ಲ, ಅವಳಿಗೆ ಗೊತ್ತು, ಗೊತ್ತಿದ್ದೂ.

ಆಸ್ಪತ್ರೆಯ ಆ ಕೋಣೆಯ ಬಾಗಿಲು ದಪ್ಪ, ಮುಚ್ಚಿದೊಡನೆ ಜಗತ್ತು ಹತ್ತಿ ತುರುಕಿದಂತೆ ನಿಂತುಹೋಯಿತು, ಅಪ್ಪ ಹೊರಗೆ ಬೆಂಚಿನಲ್ಲಿ ಉಳಿದ, ಥೆಲ್ಮಾ ಎಂಬ ನರೆಗೂದಲಿನ ಹೆಂಗಸು, ಕಿವಿ ಪರೀಕ್ಷೆ ಮಾಡುವವಳು, ಬೆಚ್ಚನೆ ಕೈಯವಳು, ಮಲಗಿದ ಕೂಸಿನ ಹಣೆಗೂ ಕಿವಿಯ ಹಿಂದಕ್ಕೂ ತಂತಿ ಅಂಟಿಸಿದಳು, ಕಿವಿಯೊಳಕ್ಕೆ ಬಟಾಣಿಯಷ್ಟು ಮೆತ್ತನೆಯ ಬಿರಡೆ, ಸಣ್ಣ ಸದ್ದು ಕಳಿಸ್ತೀನಿ, ಮೆದುಳು ಉತ್ತರ ಕೊಟ್ರೆ ಈ ಪರದೆ ಮೇಲೆ ಗೆರೆ ಏಳುತ್ತೆ, ಅಷ್ಟೇ, ಅವಳಿಗೆ ನೋವಾಗಲ್ಲ. ಕಳಿಸುವುದು, ಕಾಯುವುದು, ಇದೂ ಸೌಂಡ್ ಅಲ್ಲವೇ, ನೀರಿನ ಆಳ ನೋಡುವ ಸೌಂಡ್, ಫ್ರೆಂಚರಿಂದ ಬಂದದ್ದು, ಅವರಿಗೆ ಎಲ್ಲಿಂದ ಬಂತೋ ಖಚಿತವಿಲ್ಲ, ಅಲೆಯ ಕೆಳಗೆ ಎಂಬ ಲ್ಯಾಟಿನ್ ಮಾತಿರಬಹುದು, ಅಪ್ಪನ ಅಪ್ಪ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಸುತ್ತಿದ್ದನಂತೆ, ಗುಂಡಿನ ತಳಕ್ಕೆ ಕೊಬ್ಬು ಮೆತ್ತಿ, ಮೇಲೆ ಬಂದಾಗ ಅಂಟಿದ ಮರಳೋ ಚಿಪ್ಪೋ ನೋಡಿ ದೋಣಿಯ ಕೆಳಗೆ ಏನಿದೆ ಎಂದು ಹೇಳುತ್ತಿದ್ದನಂತೆ, ಥೆಲ್ಮಾ ಗುಂಡಿಯೊತ್ತಿದಳು, ಗೆರೆ ಮಲಗಿಯೇ ಇದೆ, ಇನ್ನೊಂದು ಗುಂಡಿ, ಸ್ವಲ್ಪ ಜೋರು ಮಾಡ್ತೀನಿ ಅಂದಳು, ಗೆರೆ ಮಲಗಿದೆ, ಇನ್ನೂ ಸ್ವಲ್ಪ, ಓಸ್ಲಾ ತನ್ನ ಉಸಿರನ್ನೇ ಕದ್ದು ಬಿಡುತ್ತಿದ್ದಾಳೆ, ಆಗ ಅವಳಿಗೆ ಕೇಳಿತು — ಟಿಕ್ ಟಿಕ್ ಟಿಕ್ ಟಿಕ್, ಒಣ ಎಲೆಯ ಮೇಲೆ ಜೀರುಂಡೆ ನಡೆದಂತೆ, ಎಲ್ಲಿಂದ ಎಂದು ಗೋಡೆ ನೋಡಿದಳು, ದೀಪ ನೋಡಿದಳು, ತೊಡೆಯ ಮೇಲಿಂದ, ಸುನ್ನಿವಾಳ ಕಿವಿಯ ಬಿರಡೆಯಿಂದ ಸೋರಿ ಬರುತ್ತಿದೆ, ಅಷ್ಟು ಜೋರಾಗಿ ಬಾರಿಸುತ್ತಿದ್ದಾರೆ ಆ ಸಣ್ಣ ಕಿವಿಯೊಳಗೆ, ಕಿವಿಯ ಹೊರಗೆ ತಾಯಿಗೂ ಕೇಳುವಷ್ಟು, ಮಗಳು ತುಟಿ ಚೀಪುತ್ತ ಮಲಗಿದ್ದಾಳೆ, ಏಳೇ, ಏಳು ಕಂದ, ಒಂದು ಸಲ ಬೆಚ್ಚಿ ಅಳು, ಇನ್ನೊಂದು ಲ್ಯಾಟಿನ್ ಸೌಂಡ್, ಸದ್ದಿನ ಸೌಂಡ್, ಅದರ ಕೊನೆಗಿರುವ ಡಕಾರ ಮೂಲದಲ್ಲಿ ಇರಲೇ ಇಲ್ಲ, ಜನರ ನಾಲಿಗೆ ತಾನಾಗಿ ಅಂಟಿಸಿಕೊಂಡದ್ದು, ಇಲ್ಲದ್ದು ಬಂದು ಸೇರಿಕೊಳ್ಳುತ್ತದೆ ಒಮ್ಮೊಮ್ಮೆ, ಇಲ್ಲದ್ದು, ತಾನಾಗಿ, ಬರಬಹುದು — ಥೆಲ್ಮಾ ಯಂತ್ರ ನಿಲ್ಲಿಸಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು, ಕುರ್ಚಿ ಎಳೆದುಕೊಂಡಾಗಲೇ ತಿಳಿಯಿತು. ಎರಡೂ ಕಿವಿ ಓಸ್ಲಾ, ತುಂಬಾ ದೊಡ್ಡ ಸದ್ದಿಗೂ ಉತ್ತರ ಇಲ್ಲ, ಇದು ನಿಮ್ಮಿಂದ ಆಗಿದ್ದಲ್ಲ, ಜ್ವರ ಗಿರ ಅಂತ ತಲೆ ಕೆಡಿಸ್ಕೋಬೇಡಿ ಅಂದಳು, ಜ್ವರದ ಮಾತು ತಾನು ಎತ್ತಿರಲೇ ಇಲ್ಲವಲ್ಲ, ಎಲ್ಲ ತಾಯಂದಿರಿಗೂ ಒಂದು ಜ್ವರ ಇರುತ್ತದೆಯೇನೋ, ಮುಂದೆ ಮಾಡಬೇಕಾದ್ದು ಬಹಳ ಇದೆ, ಕಿವಿಗೆ ಹಾಕುವ ಯಂತ್ರಗಳಿವೆ, ಕೈಮಾತು ಇವತ್ತಿನಿಂದಲೇ ಕಲೀಬಹುದು, ಓಸ್ಲಾ ಹೂಂ ಹೂಂ ಅಂದಳು, ನಾಯಿ ಬೊಗಳಿದಾಗ ತಿರುಗ್ತಾಳೆ ಅಂತ ನಮ್ಮಪ್ಪ ಹೇಳು ಅಂದಿದ್ರು ಅಂದಳು, ಥೆಲ್ಮಾ ನಗಲಿಲ್ಲ, ಸುನ್ನಿವಾ ಯಾವಾಗಲೋ ಎದ್ದಿದ್ದಳು, ಬೂದುಗಣ್ಣು ಬಿಟ್ಟು ಅಮ್ಮನ ಬಾಯನ್ನೇ ನೋಡುತ್ತಿದ್ದಳು, ಕಣ್ಣನ್ನಲ್ಲ, ದೀಪವನ್ನಲ್ಲ, ಬಾಯನ್ನು.

ಹೊರಗೆ ಅಪ್ಪ ಎದ್ದು ನಿಂತ, ಓಸ್ಲಾ ಇಲ್ಲವೆಂದು ತಲೆಯಾಡಿಸಿದಳು, ನಾಯಿ ವಿಷಯ ಹೇಳಿದೆಯಾ ಅಂದ, ಹೇಳಿದೆ ಅಂದಳು, ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ, ಹಾಗಾದ್ರೆ ನಾನು ಇಷ್ಟು ದಿನ ಯಾರ ಹತ್ರ ಮಾತಾಡ್ತಿದ್ದೆ ಅಂದ, ದಿನಾ ಬೆಳಿಗ್ಗೆ ತೊಟ್ಟಿಲ ಪಕ್ಕ ಕೂತು ಯಾವ ಗಾಳಿಗೆ ಯಾವ ಮೀನು ಎಂದು ಮೊಮ್ಮಗಳಿಗೆ ಪಾಠ ಮಾಡುತ್ತಿದ್ದ ಮುದುಕ, ಅವಳ ಹತ್ರಾನೇ ಅಪ್ಪಾ ಅಂದಳು, ಅದನ್ನು ಹೇಳುವಾಗಲೂ ಸುನ್ನಿವಾ ಅವಳ ಬಾಯಿ ನೋಡುತ್ತಿದ್ದಳು, ದಾರಿಯುದ್ದಕ್ಕೂ ಗುಡ್ಡ, ಕುರಿ, ಒದ್ದೆ ಬೇಲಿ, ಈ ಕೂಸಿಗೆ ಎಲ್ಲವೂ ನಿನ್ನೆಯಂತೆಯೇ ಇದೆ, ಬದಲಾದದ್ದು ನಮಗೆ ಮಾತ್ರ, ಕಡಲ ತುದಿಯ ಸಾಲಿನಲ್ಲಿ ಹಡಗಿಗೆ ಕಾಯುತ್ತ ಕಾರು ನಿಂತಾಗ ಫೋನು ಕೂಗಿತು, ಎರ್ಟಿ, ದೋಣಿಯಿಂದ, ಗಾಳಿ ತುಂಬಿದ ಕೊಳವೆಯಲ್ಲಿ ತುಂಡು ತುಂಡಾದ ದನಿ, ಹೇಳು ಓಸ್ಲಾ, ಕೂಸು ಹೇಗಿದೆ, ಸೌಂಡ್ ಇದಾಳಾ — ಅವನು ಕೇಳಿದ್ದು ದ್ವೀಪದವರೆಲ್ಲ ಕೇಳುವಂತೆ, ಕುರಿಮರಿಗೂ ದೋಣಿಗೂ ಹಾಗೆಯೇ ಕೇಳುತ್ತಾರೆ, ಗಟ್ಟಿಯಿದೆಯಾ, ಬಿರುಕಿಲ್ಲವಾ, ಇಲ್ಲ ಅನ್ನಬೇಕು, ಇಲ್ಲ ಎಂಬ ಮಾತು ನಾಲಿಗೆಯ ತುದಿಗೇ ಬಂದು ಕೂತಿತ್ತು, ನಿಘಂಟಿನಲ್ಲಿ ಅವಳೇ ಬೇರೆ ಬೇರೆ ಮಾಡಿ ಇಟ್ಟ ನಾಲ್ಕು ಪದ, ನಾಲ್ಕು ಊರಿನಿಂದ ಬಂದು ಒಂದೇ ಬಟ್ಟೆ ತೊಟ್ಟು ನಿಂತವು, ಸಂಬಂಧವೇ ಇಲ್ಲದವು, ಸದ್ದಿಗೂ ಅದಕ್ಕೂ ಏನೇನೂ — ಸುನ್ನಿವಾ ಕಾಲು ಝಾಡಿಸಿ ಕಂಬಳಿ ಒದ್ದಳು, ಅಮ್ಮನ ಬೆರಳು ಹಿಡಿದು ಬಿಡದೆ ಎಳೆದಳು, ಎಂಥಾ ಹಿಡಿತ. ಸೌಂಡ್ ಇದಾಳೆ ಎರ್ಟಿ, ಓಸ್ಲಾ ಅಂದಳು, ಇಡೀ ಇದಾಳೆ, ಏನೂ ಕಮ್ಮಿ ಇಲ್ಲ, ಆದರೆ ಅವಳಿಗೆ ಕಿವಿ ಕೇಳಲ್ಲ, ಕೇಳಿಸ್ತಾ ನಿಂಗೆ, ಕಿವಿ ಕೇಳಲ್ಲ. ಆ ಕಡೆ ಗಾಳಿ, ಬರೀ ಗಾಳಿ, ಆಮೇಲೆ ಅವನು ನಾನು ಬರ್ತಿದೀನಿ, ದೋಣಿ ತಿರುಗಿಸಕ್ಕೆ ಹೇಳ್ತೀನಿ ಅಂದ, ಮುಂದಿನ ಸೀಟಿನಲ್ಲಿ ಅಪ್ಪನ ಬೆನ್ನು ಅಲುಗಾಡುತ್ತಿತ್ತು, ಹಡಗು ಬಂದು ತಾಗಿತು, ಓಸ್ಲಾ ಫೋನು ಇಟ್ಟು ಬಾಯಿ ಮುಚ್ಚಿದಳು, ಮುಚ್ಚಿದ ಆ ತುಟಿಗಳ ಮೇಲೆ ಸುನ್ನಿವಾಳ ಎರಡು ಬೂದುಗಣ್ಣು, ಮಿಟುಕದೆ, ಕಾಯುತ್ತ, ಎರಡು ಕಣ್ಣು, ತುಟಿಯ ಮೇಲೆ