ಪರದೆಯಾಚೆಯ ಕುರ್ಚಿ

ಪಕ್ಕದ ಮನೆಯ ರುಡಿಗೆ ಕೇಬಲ್‌ನವರು ಎಚ್‌ಡಿ ರೆಕಾರ್ಡರ್ ಕೊಟ್ಟಿದ್ದರು. ಟಿವಿ ಮಾತ್ರ ಡಬ್ಬದಂಥ ಹಳೆಯದು. ಅಗಲ ಚಿತ್ರದ ಎರಡೂ ಬದಿ ಅದರಲ್ಲಿ ಕತ್ತರಿಸಿಹೋಗುತ್ತಿತ್ತು. ರೆಕಾರ್ಡ್ ಮಾಡಿಟ್ಟು ಅವನು ದಿನಾ ನೋಡುತ್ತಿದ್ದುದು ಒಂದನ್ನೇ: ಲೋಕಲ್ ಚಾನೆಲ್‌ನಲ್ಲಿ ಬಂದಿದ್ದ, ನಮ್ಮ ಕ್ಲೀವ್‌ಲ್ಯಾಂಡ್ ಚರ್ಚಿನಲ್ಲಿ ಎಲ್ಲರೂ ಸೇರಿ ಉಣ್ಣುವ ಶುಕ್ರವಾರದ ಮೀನೂಟ. ಅದರಲ್ಲಿ ಅವನ ತೀರಿಹೋದ ಹೆಂಡತಿ ಬರ್ನಿಸ್ ಅಂಚಿನಲ್ಲಿ ಕೂತು, ಒಂದು ಕೈಯನ್ನು ಪರದೆಯಾಚೆ ಚಾಚಿದ್ದಳು.

"ಆ ಕೈ ನನ್ನ ಹೆಗಲ ಮೇಲಿದೆ. ನಾನು ಕಾಣಲ್ಲ ಅಷ್ಟೆ," ಅನ್ನುತ್ತಿದ್ದ.

ಆ ಅರ್ಧಂಬರ್ಧ ಚಿತ್ರ ನೋಡಿ ನೋಡಿ ನನಗೆ ರೇಗಿಹೋಯಿತು. ರಿಮೋಟ್ ಕಸಿದು ಸೆಟ್ಟಿಂಗ್ ಬದಲಿಸಿದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು, ನಡುವೆ ಇಡೀ ಚಿತ್ರ ಕಂಡಿತು. ಬರ್ನಿಸ್ ಕೈಯಿಟ್ಟಿದ್ದು ಖಾಲಿ ಕುರ್ಚಿಯ ಮೇಲೆ. ಬೇರೆ ಯಾರೂ ಕೂರದಂತೆ ತನ್ನ ಕೋಟು ಹಾಕಿಟ್ಟಿದ್ದಳು.



"ಅವಳಿಗೆ ಬರ್ತೀನಿ ಅಂದಿದ್ದೆ ಕಣಮ್ಮ, ಹೋಗ್ಲಿಲ್ಲ," ಅಂದ ರುಡಿ. "ಅದನ್ನ ಮೊದಲಿನ ಹಾಗೇ ಮಾಡ್ಬಿಡು."