ಎಲ್ಲಿ ಬೇಕಾದರೂ ಇರಬಹುದು

ಗೌರೀಶನ ಕಂಪನಿ ಬೆಂಗಳೂರಿನ ಆಫೀಸು ಮುಚ್ಚಿ, ಇನ್ನು ಮೇಲೆ ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ, ಆ ಮನೆ ಯಾವ ಊರಲ್ಲಿದ್ದರೂ ನಮಗೆ ಅಡ್ಡಿಯಿಲ್ಲ ಎಂದು ತಿಳಿಸಿದ ದಿನ, ಅವನು ಮೊದಲು ಫೋನು ಮಾಡಿದ್ದು ಹೆಂಡತಿಗೆ. ಲೋಹಿತಾ ತಿರುಮಣಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಪಾವಗಡದಲ್ಲಿ ಚಿಕ್ಕದೊಂದು ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಮದುವೆಯಾದ ಮೂರೇ ತಿಂಗಳಿಗೆ ಕೆಲಸದ ಆರ್ಡರು ಬಂದಿತ್ತು. ಅಲ್ಲಿಂದೀಚೆಗೆ ಆರು ವರ್ಷ ಅವರದು ಶನಿವಾರ ಭಾನುವಾರದ ಸಂಸಾರ.

"ಇನ್ನು ಎಲ್ಲಿ ಬೇಕಾದ್ರೂ ಇರಬಹುದಂತೆ ಲೋಹಿ!" ಎಂದ ಗೌರೀಶ.

ಆ ಕಡೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಕ್ಲಾಸಿನ ಬಾಗಿಲು ಎಳೆದುಕೊಂಡ ಸದ್ದಾಯಿತು. ಆಮೇಲೆ ಅವಳು, "ಒಳ್ಳೇದಾಯ್ತು ಕಣ್ರೀ. ಬೆಂಗಳೂರಿನ ಬಾಡಿಗೆ ಕಾಟ ತಪ್ಪಿತು. ನಿಧಾನವಾಗಿ ಊರು ನೋಡೋಣ," ಅಂದಳು.

ನೋಡುವುದೇನಿದೆ ಅಂತ ಅವನಿಗೆ ಅನ್ನಿಸಿತು. ಆದರೆ ಕೇಳಲಿಲ್ಲ. ಜೊತೆಗೇ ಇರೋಣ ಎಂದು ಅವಳೇ ಒಂದು ದಿನ ಹೇಳಲಿ ಅಂತ ಆಸೆ.

ಆರು ವರ್ಷವೂ ಅವನು ಬದುಕಿದ್ದು ಆ ಆಸೆಯಲ್ಲೇ. ಶನಿವಾರ ಸ್ಕೂಲು ಮುಗಿಸಿ ಬಸ್ಸು ಹತ್ತಿದವಳು ಸಂಜೆಗೆ ಬರುತ್ತಿದ್ದಳು, ಚೀಲದ ತುಂಬ ಕಡಲೆಕಾಯಿ. ಅಷ್ಟರಲ್ಲಿ ಅವನು ನೆಲ ಒರೆಸಿ, ಹಾಸಿಗೆಯ ಹೊದಿಕೆ ಬದಲಾಯಿಸಿ, ಅವಳಿಗಿಷ್ಟವಾದ ಅವರೆಕಾಳು ಉಪ್ಪಿಟ್ಟಿಗೆ ಎಲ್ಲ ಹೊಂದಿಸಿಟ್ಟಿರುತ್ತಿದ್ದ. ಸೋಮವಾರ ನಸುಕಿಗೆ ಅವಳು ಹೊರಟರೆ ಮನೆ ಬಿಕೋ ಅನ್ನುತ್ತಿತ್ತು. ವಾರದ ದಿನಗಳಲ್ಲಿ ಇಬ್ಬರೂ ಸಂಜೆ ಫೋನು ಹಚ್ಚಿಟ್ಟು ತಂತಮ್ಮ ಪಾಡಿಗೆ ಓಡಾಡಿಕೊಂಡಿರುತ್ತಿದ್ದರು. ಅವಳ ಕಡೆಯಿಂದ ಸಾಸಿವೆ ಸಿಡಿಯುವ ಸದ್ದು, ತಟ್ಟೆ ಇಟ್ಟ ಸದ್ದು ಕೇಳುತ್ತಿತ್ತು. ಆ ಸದ್ದಿನ ಮೇಲೆಯೇ ಅವನು ಅವಳ ಅಡುಗೆಮನೆಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ.

"ಕೊರಟಗೆರೆ ನೋಡ್ಕೊಂಡು ಬನ್ನಿ. ತಂಪಾದ ಊರು, ನನ್ನ ತವರು ಕೊಳಾಲದೋರೆಲ್ಲ ಹತ್ತಿರ ಇರ್ತಾರೆ," ಅಂದಳು ಲೋಹಿತಾ. ಹೋದ. ಮನೆ ಚೆನ್ನಾಗಿತ್ತು, ಹಿಂದೆ ಎರಡು ತೆಂಗಿನ ಮರ. ಆದರೆ ಮನೆಯ ಯಜಮಾನ ದೊಡ್ಡರಂಗಪ್ಪ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಮನೇಲೇ ಕುಂತ್ಕಂಡು ಮಾಡೋ ಕೆಲ್ಸ ಅಂದ್ರೆ ಹೆಂಗೆ ಸ್ವಾಮಿ? ನೀವು ಮಾಡ್ತಿದ್ದೀರೋ ಮಲ್ಗಿದ್ದೀರೋ ಅವ್ರಿಗೆ ಹೆಂಗೆ ಗೊತ್ತಾಗ್ತದೆ?" ಎಂದು ಕೇಳಿದ. ಗೌರೀಶ ನಕ್ಕು, ವಿಮೆಯ ಅರ್ಜಿಗಳನ್ನು ಪರಿಶೀಲಿಸುವ ತನ್ನ ಕೆಲಸವನ್ನು ವಿವರಿಸುತ್ತಿರುವಾಗಲೇ ಕರೆಂಟು ಹೋಯಿತು. ದಿನಾ ಹೀಗೇ ಅಂತ ದೊಡ್ಡರಂಗಪ್ಪನೇ ಒಪ್ಪಿಕೊಂಡ.

"ಹಾಗಾದ್ರೆ ಶಿರಾ ನೋಡಿ. ಹೈವೇ ಊರು," ಅಂದಳು.

ಶಿರಾದಲ್ಲಿ ಎಲ್ಲವೂ ಸರಿಯಿತ್ತು. ಇಂಟರ್‌ನೆಟ್ಟಿನ ಕೇಬಲ್ಲು ಮನೆಯ ಬಾಗಿಲಿಗೇ ಬಂದಿತ್ತು, ನೀರಿತ್ತು, ಬಾಡಿಗೆ ಬೆಂಗಳೂರಿನ ಮೂರನೇ ಒಂದು ಪಾಲೂ ಇಲ್ಲ. ಬೀಗ ತೆಗೆದು ತೋರಿಸಿದಾತ, "ಸೋಚ್ನಾ ಕ್ಯಾ ಸಾಬ್, ಯೋಚ್ನೆ ಯಾಕೆ, ಇವತ್ತೇ ಹಾಲು ಉಕ್ಕಿಸಿಬಿಡಿ," ಎಂದು ಕೀಲಿ ಚಾಚಿದ. ಗೌರೀಶ ಖಾಲಿ ಅಡುಗೆಮನೆಯಲ್ಲಿ ನಿಂತು ನೋಡಿದ. ಇಲ್ಲಿದ್ದರೂ ಶನಿವಾರಕ್ಕೆ ಕಾಯಬೇಕು. ಊರು ಬದಲಾಗುತ್ತದೆ, ಕಾಯುವುದು ಬದಲಾಗುವುದಿಲ್ಲ. ಪಾವಗಡ ಅನ್ನುವ ಹೆಸರನ್ನು ಅವಳು ಒಂದು ಸಲವೂ ಎತ್ತಲಿಲ್ಲವಲ್ಲ ಅನ್ನುವುದು ಅವನಿಗೆ ಆಗ ತಟ್ಟಿತು. ಕೀಲಿ ತೆಗೆದುಕೊಳ್ಳದೆ ಬಸ್‌ಸ್ಟ್ಯಾಂಡಿಗೆ ಬಂದ.

ಮುಂದಿನ ಮಂಗಳವಾರ ರಜೆ ಹಾಕಿ, ಅವಳಿಗೆ ಹೇಳದೆ, ಪಾವಗಡದ ಬಸ್ಸು ಹತ್ತಿದ. ಅಷ್ಟು ವರ್ಷಗಳಲ್ಲಿ ಅವನು ಅಲ್ಲಿಗೆ ಹೋಗಿದ್ದೇ ಅಪರೂಪ. ಬಿಸಿಲು, ನೀರು ಒಗ್ಗಲ್ಲ, ನಾನೇ ಬರ್ತೀನಿ ಅನ್ನುತ್ತಿದ್ದಳು ಅವಳು.

ಮನೆಗೆ ಬೀಗ ಹಾಕಿತ್ತು. ಪಕ್ಕದಲ್ಲೇ ಇದ್ದ ಓನರು ಇಂದ್ರಮ್ಮ ಅವನ ಗುರುತು ಹಿಡಿದು ಜಗಲಿಯ ಮೇಲೆ ಚಾಪೆ ಹಾಸಿದರು. "ಕೂಚೋ ನಾಯನಾ, ಕೂತ್ಕೋ. ಟೀಚರಮ್ಮ ಇನ್ನೇನ್ ಬಂದ್ಬುಡ್ತಾಳೆ." ನೀರು ಕೊಟ್ಟು, ಅವನ ಮುಖವನ್ನೇ ನೋಡುತ್ತ, "ಆ ಕಡೆ ಪೋರ್ಷನ್ನು ನೋಡಾಕೆ ಬಂದ್ಯೇನಪ್ಪಾ? ಖಾಲಿಯಾಗಿ ಎಷ್ಟೋ ದಿನ ಆಯ್ತು. ನಿನ್ನ ಗಂಡನ್ನ ಕರ್ಕೊಂಬಾ, ನಡುವೆ ಬಾಗಿಲು ತೆಗೆಸಿ ಎರಡೂ ಕೊಡ್ತೀನಿ ಅಂತ ನಾನು ಹೇಳ್ತಾನೇ ಇದೀನಿ ಕಣಪ್ಪ, ಆಯಮ್ಮ ಚೂಸ್ತಾಂ ಚೂಸ್ತಾಂ, ನೋಡೋಣ ನೋಡೋಣ ಅಂತಾಳೆ," ಎಂದರು.

ಗೌರೀಶ ಲೋಟ ಕೆಳಗಿಟ್ಟು ಆ ಖಾಲಿ ಪೋರ್ಷನ್ನಿನ ಬಾಗಿಲ ಕಡೆ ನೋಡಿದ.

ಸ್ವಲ್ಪ ಹೊತ್ತಿಗೆ ಬೀದಿಯ ತುದಿಯಲ್ಲಿ ಲೋಹಿತಾ ಕಂಡಳು. ಜೊತೆಯಲ್ಲಿದ್ದ ಇನ್ನೊಬ್ಬ ಟೀಚರಿನೊಡನೆ ತೆಲುಗಿನಲ್ಲಿ ಏನೋ ಜೋರಾಗಿ ಹೇಳಿ, ಹೊಟ್ಟೆ ಹಿಡಿದು ನಗುತ್ತಿದ್ದಳು. ತಲೆಯ ಮೇಲೆ ಸೆರಗು, ಕೂದಲೆಲ್ಲ ಧೂಳು. ಆ ನಗು ಅವನಿಗೆ ಹೊಸದು. ಅವನನ್ನು ನೋಡಿದ್ದೇ ನಗು ನಿಂತಿತು. ಮುಖದಲ್ಲಿ ಸಂತೋಷವೂ ಬಂತು, ಅದರ ಹಿಂದೆಯೇ ಭಯವೂ ಬಂತು.

ಒಳಗೆ ಬಂದು ಅವಳು ಫ್ಯಾನು ಹಾಕಿ ನೆಲದ ಮೇಲೇ ಕುಳಿತಳು. ಒಲೆಯ ಮೇಲೆ ಒಂದು ಪಾತ್ರೆಯೂ ಇರಲಿಲ್ಲ.

"ಪಕ್ಕದ ಮನೆ ಖಾಲಿ ಇದೆ ಅಂತ ಯಾಕೆ ಹೇಳ್ಲಿಲ್ಲ?" ಎಂದ ಗೌರೀಶ.

ಅವಳು ಕಾಲ ಬೆರಳಿನ ಧೂಳು ಒರೆಸಿಕೊಂಡಳು.

"ನಾವಿಬ್ರೂ ಯಾವತ್ತಾದ್ರೂ ಜಗಳ ಆಡಿದೀವಾ?"

"ಇಲ್ಲ."

"ಯಾಕೆ ಹೇಳಿ? ಪುರುಸೊತ್ತೇ ಸಿಕ್ಕಿಲ್ಲ. ಶನಿವಾರ ನೀವು ಮನೆ ಒರೆಸಿಟ್ಟಿರ್ತೀರಿ, ನಾನು ಬಸ್‌ಸ್ಟ್ಯಾಂಡಲ್ಲೇ ಮುಖ ತೊಳ್ಕೊಂಡು ಹೂವು ಮುಡ್ಕೊಂಡು ಬರ್ತೀನಿ. ಮಂಗಳವಾರದ ಲೋಹಿತಾನ ನೀವು ನೋಡೇ ಇಲ್ಲ ಕಣ್ರೀ. ಆ ಬಿಸಿಲಲ್ಲಿ ಬಂದು ಹೀಗೇ ನೆಲದ ಮೇಲೆ ಬಿದ್ಕೋತೀನಿ. ಯಾರು ಮಾತಾಡ್ಸಿದ್ರೂ ಸಿಡುಕ್ತೀನಿ. ಅಡುಗೇನೂ ಮಾಡಲ್ಲ."

"ಫೋನಲ್ಲಿ ಒಗ್ಗರಣೆ ಸದ್ದು ಕೇಳ್ತಿತ್ತಲ್ಲ?"

"ಅದು ಇಂದ್ರಮ್ಮನ ಮನೇದು. ನಾನು ಅಲ್ಲೇ ಊಟ ಮಾಡೋದು."

ಅವನಿಗೆ ನಗು ಬರಬೇಕಿತ್ತು. ಬರಲಿಲ್ಲ. ಇಷ್ಟು ವರ್ಷ ತಾನು ಕಿವಿಗೊಟ್ಟು ಕಟ್ಟಿಕೊಂಡಿದ್ದ ಅಡುಗೆಮನೆ ಬೇರೆಯವರದಾಗಿತ್ತು.

"ದಿನಾ ಕಾಯ್ತಿದ್ದವರು ನೀವೊಬ್ರೇ ಅಂದ್ಕೊಂಡ್ರಾ?" ಎಂದಳು ಲೋಹಿತಾ, ಧ್ವನಿ ಒಡೆದು. "ನಾನೂ ಕಾಯ್ತೀನಿ. ನೀವು ಬಂದು ಪಕ್ಕದಲ್ಲೇ ಕೂತುಬಿಟ್ರೆ ಆಮೇಲೆ ಏನಕ್ಕೆ ಕಾಯ್ಲಿ ಅಂತ ಭಯ."

ಗೌರೀಶನೂ ನೆಲದ ಮೇಲೆ ಕುಳಿತ. "ಭಯ ಆಗೋದಾದ್ರೆ ಪಕ್ಕದ ಮನೆಗೆ ಬರಲ್ಲ," ಎಂದ. "ಆದ್ರೆ ಬೆಂಗಳೂರಿಗೂ ಹೋಗಲ್ಲ."

"ಮಧುಗಿರಿ?" ಅಂದಳು ಅವಳು, ತಲೆ ಎತ್ತದೆ. "ದಾರೀಲೇ ಇದೆ. ಯಾವಾಗ ಬೇಕೋ ಆವಾಗ ಬರ್ತೀನಿ. ಹೇಳಿ ಬರಲ್ಲ. ಮುಖ ತೊಳ್ಕೊಂಡೂ ಬರಲ್ಲ."

ಹಾಗೆ ಗೌರೀಶ ಮಧುಗಿರಿಯವನಾದ. ಬೆಟ್ಟದ ಕಡೆಗೆ ಕಿಟಕಿಯಿದ್ದ ಮಹಡಿಯ ಮನೆ, ಕೆಳಗೆ ಯಜಮಾನರಾದ ಮಲ್ಲಿಕಾರ್ಜುನಯ್ಯ. ಊರು ಅವನಿಗೆ ಒಗ್ಗಿತು. ಮೊದಮೊದಲು ಅವಳು ಶನಿವಾರವೇ ಬರುತ್ತಿದ್ದಳು, ಹೂವು ಮುಡಿದೇ ಬರುತ್ತಿದ್ದಳು. ಅವನೂ ನೆಲ ಒರೆಸುತ್ತಿದ್ದ. ಯಾರೂ ಆ ಮಾತು ಎತ್ತಲಿಲ್ಲ.

ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಒಂದು ಬುಧವಾರ ಸಂಜೆ, ಅವನು ಮೀಟಿಂಗಿನಲ್ಲಿದ್ದಾಗ ಬಾಗಿಲು ದಬದಬ ಬಡಿದ ಸದ್ದು. ಲೋಹಿತಾ ಒಳಗೆ ಬಂದವಳೇ ಚೀಲ ಎಸೆದು, ಫ್ಯಾನಿನ ಕೆಳಗೆ ನೆಲದ ಮೇಲೆ ಮಲಗಿದಳು. ಮೀಟಿಂಗು ಮುಗಿಸಿ ಅವನು, "ಏನಾಯ್ತು?" ಅಂದ. "ಏನೂ ಆಗಿಲ್ಲ. ಏನಾದ್ರೂ ಆದ್ರೇನೇ ಬರಬೇಕಾ?" ಎಂದು ಹರಿಹಾಯ್ದಳು. ಅವನಿಗೂ ರೇಗಿತು. ಮನೆಯನ್ನೇ ಆಫೀಸು ಮಾಡ್ಕೊಂಡಿದೀರಿ ಅಂತ ಅವಳು, ಆಫೀಸೇ ಕಣೇ ಇದು ಅಂತ ಅವನು. ಮದುವೆಯಾದ ಮೇಲಿನ ಮೊದಲ ಜಗಳ. ಫ್ಯಾನಿನ ವೇಗದ ಮೇಲೂ ಒಂದಿಷ್ಟು ನಡೆಯಿತು. ಆಮೇಲೆ ಅವಳು ಗೋಡೆ ಕಡೆ ತಿರುಗಿ ಬಾಯಿ ತೆರೆದು ನಿದ್ದೆ ಹೋದಳು.

ಗೌರೀಶ ಇಡ್ಲಿ ತರಲು ಕೆಳಗಿಳಿದ. ಮಲ್ಲಿಕಾರ್ಜುನಯ್ಯ ಗೇಟಿನಲ್ಲಿ ನಿಂತಿದ್ದರು. "ಮೇಡಂ ಬಂದವ್ರೆ? ಇವತ್ತು ಶನಿವಾರ ಅಲ್ವಲ್ಲ. ಏನಾರ ತೊಂದ್ರೇನಾ?"

"ಇಲ್ಲ ಸ್ವಾಮಿ, ಸುಮ್ನೆ ಬಂದಿದಾಳೆ," ಎಂದ. ಹೇಳುವಾಗ ಅವನ ಮುಖ ಅರಳಿತ್ತು.

ಹೋಟೆಲಿನವನು ಪೊಟ್ಟಣ ಕಟ್ಟುವಷ್ಟು ಹೊತ್ತು ಹೊರಗೆ ನಿಂತ. ಬೆಟ್ಟದ ನೆತ್ತಿಯ ಮೇಲೆ ಮಾತ್ರ ಬಿಸಿಲು ಉಳಿದಿತ್ತು. ಎದುರಿನಲ್ಲಿ ಪಾವಗಡದ ಬಸ್ಸೊಂದು ಬಂದು ಜನರನ್ನು ಇಳಿಸಿತು. ಇಳಿಯುವವರಲ್ಲಿ ಕೈಚೀಲ ಹಿಡಿದು ಹೂವು ಮುಡಿದವಳೊಬ್ಬಳನ್ನು ಅವನ ಕಣ್ಣು ತಾನಾಗಿ ಹುಡುಕಿತು. ಹೆಂಡತಿ ಮನೆಯಲ್ಲೇ ಮಲಗಿದ್ದಾಳೆ ಅಂತ ಗೊತ್ತಿದ್ದೂ, ಕೊನೆಯವರು ಇಳಿದು ಬಸ್ಸು ಹೊರಡುವತನಕ ಅವನು ಅಲ್ಲಿಂದ ಕದಲಲಿಲ್ಲ.