ನೊಬಂದ್ಲಾ ಬಾಯಿ ಬಿಟ್ಟ ದಿನ

ಮ್ಟೊಂಬೆನಿ ಗುಡ್ಡದ ಮೇಲೆ ಮುದುಕಿ ಮಾಭೆಲೆಯ ಗುಡಿಸಲಿಗೆ ಬೀಗ ಬಿದ್ದು ನಾಲ್ಕು ತಿಂಗಳಾಗಿತ್ತು. ಆದರೂ ಮಟಮಟ ಮಧ್ಯಾಹ್ನ ಒಳಗಿನಿಂದ ಕಲ್ಲಿಗೆ ಕಲ್ಲು ಉಜ್ಜುವ ಸದ್ದು ಬರುತ್ತಿತ್ತು. ಗರ್... ಗರ್... ಯಾರೋ ಕೂತು ಜೋಳ ಅರೆದಂತೆ. ಕೋಳಿಗಳು ಕೂಡ ಆ ಅಂಗಳಕ್ಕೆ ಕಾಲಿಡುತ್ತಿರಲಿಲ್ಲ. ಊರಿನವರು "ಗಾಳಿ" ಅನ್ನುತ್ತಿದ್ದರು. ಎಲೆ ಅಲುಗದ ದಿನವೂ ಗಾಳಿ ಅನ್ನುತ್ತಿದ್ದರು, ಊರಿನ ಬಾಯಿ ಅಂಥದ್ದು.

ಮಾಟಗಾತಿ ಎಂಬ ಹೆಸರು ಕಟ್ಟಿ ಮಾಭೆಲೆಯನ್ನು ಹಾಡಹಗಲೇ ಹೊಡೆದು ಕೊಲ್ಲಲಾಗಿತ್ತು. ಕೊಂದವನು ಬಾಗಿಲು ದಾಟಿ ಬಂದು ಕೋಲನ್ನು ಹುಲ್ಲಿಗೆ ಒರೆಸಿದ್ದನ್ನು ನೋಡಿದವಳು ಒಬ್ಬಳೇ, ಪಕ್ಕದ ಮನೆಯ ಸೊಸೆ ನೊಬಂದ್ಲಾ. ಅವನು ಬೇರೆ ಯಾರೂ ಅಲ್ಲ, ಅವಳ ಮಾವನ ಕೊನೆಯ ತಮ್ಮ. ನಮ್ಮ ಖೋಸಾ ಜನರಲ್ಲಿ ಸೊಸೆಯಾದವಳು ಮಾವನ ಹೆಸರನ್ನಾಗಲಿ, ಅವನ ಅಣ್ಣತಮ್ಮಂದಿರ ಹೆಸರನ್ನಾಗಲಿ ಬಾಯಲ್ಲಿ ತರುವಂತಿಲ್ಲ. ತಂದರೆ ಸತ್ತ ಹಿರಿಯರು ಮುನಿಯುತ್ತಾರೆ.

ಗುಡಿಸಲ ಹಿಂದೆ ಅವನ ಕೋಲು ಸಿಕ್ಕಿತ್ತು, ಪೊಲೀಸರು ಅವನನ್ನು ಹಿಡಿದಿದ್ದರು. "ಕೋಲು ಯಾವತ್ತೋ ಕಳೆದುಹೋಗಿತ್ತು" ಅಂತ ಅವನ ವಾದ. ಹಾಗಾಗಿ ಕೇಸು ನಿಂತದ್ದು ನೊಬಂದ್ಲಾಳ ಮಾತಿನ ಮೇಲೆ.

ವಿಚಾರಣೆಗೆ ಎರಡು ದಿನ ಇರುವಾಗ ನೊಲುಂಡಿ ಬಂದಳು. ಸಾಕ್ಷಿಗಳಿಗೆ ದಾರಿ ಹೇಳುವ ಕಾನೂನು ನೆರವು ಕಚೇರಿಯವಳು. ಕೈಯಲ್ಲಿ ಒಂದು ಕಾಗದ.

"ಅಕ್ಕಾ, ಪೊಲೀಸರ ಮುಂದೆ ನೀನು ಕೊಟ್ಟ ಹೇಳಿಕೆ ಇದು. ಇಂಗ್ಲಿಷಲ್ಲಿದೆ. ನಮ್ಮ ಖೋಸಾ ಮಾತಲ್ಲಿ ಓದ್ತೀನಿ, ಕೇಳು. 'ಒಬ್ಬ ಗಂಡಸು ಹೊರಗೆ ಬಂದ. ಅವನು ಯಾರು ಅಂತ ನನಗೆ ಗೊತ್ತಿಲ್ಲ.'"

ನೊಬಂದ್ಲಾ ಕೈಯಲ್ಲಿದ್ದ ಹುಳಿಹಾಲಿನ ಬಟ್ಟಲು ಕೆಳಗಿಟ್ಟಳು.

"ನಾ ಹಂಗಂದಿಲ್ಲ!"

"ಏನಂದೆ ಮತ್ತೆ?"

"ಪೊಲೀಸಿನವ ಹೆಸರು ಕೇಳಿದ. ನಾನು ಬಾಯಿಗೆ ಸೆರಗು ಹಿಡಿದು, ಅವರ ಮನೆ ಕಡೆ ಕೈ ತೋರಿಸಿದೆ."

"ಅವನು ಗೊತ್ತಿಲ್ಲ ಅಂತ ಬರ್ಕೊಂಡ. ಓದಿ ಹೇಳಿದ್ನಾ?"

"ಇಲ್ಲ. ಇಲ್ಲಿ ಹೆಬ್ಬೆಟ್ಟು ಒತ್ತು ಅಂದ. ಒತ್ತಿದೆ."

ತನ್ನ ಹೆಬ್ಬೆರಳ ಗುರುತನ್ನೇ ಅವಳು ದಿಟ್ಟಿಸಿದಳು. ತನ್ನದೇ ಹೆಸರು ಹೊತ್ತು ಆ ಕಾಗದದೊಳಗೆ ಇನ್ನೊಬ್ಬಳು ಕೂತಿದ್ದಳು. ಏನೂ ನೋಡದವಳು, ಏನೂ ಗೊತ್ತಿಲ್ಲದವಳು. ಆಚೆಯಿಂದ ಗರ್... ಗರ್... ಅನ್ನುವ ಸದ್ದು. ನೊಲುಂಡಿ ಆ ಕಡೆ ತಿರುಗಿದಳು.

"ಏನದು?"

"ಗಾಳಿ," ಅಂದಳು ಬಾಗಿಲಲ್ಲಿ ನಿಂತಿದ್ದ ಅತ್ತೆ ನೊಸಾಯಿನಿ. "ನೋಡಮ್ಮಾ ಕಚೇರಿಯವಳೇ, ನಮ್ಮ ಸೊಸೆ ಆ ಹೆಸರು ಎತ್ತಲ್ಲ. ಎತ್ತಿದ್ರೆ ಈ ಮನೆ ಒಲೆ ಮುಟ್ಟೋ ಹಾಗಿಲ್ಲ."

"ಅಮ್ಮಾ, ಏನು ಹೇಳ್ಬೇಕು ಅಂತ ನಾನು ಹೇಳ್ಕೊಡೋಕೆ ಬಂದಿಲ್ಲ, ಅದು ತಪ್ಪು. ಹೇಳಿದ್ದು ಹೇಗೆ ದಾಖಲಾಗುತ್ತೆ ಅಂತಷ್ಟೇ ಹೇಳ್ತೀನಿ."

"ಕೋರ್ಟಲ್ಲಿ ಅವರು ಎದುರಿಗೇ ಇರ್ತಾರಲ್ಲ," ಅಂದಳು ನೊಬಂದ್ಲಾ. "ಬೆರಳು ತೋರಿಸ್ತೀನಿ. ಸಾಲದಾ?"

"ಅಲ್ಲಿ ಮಾತು ಹಿಡಿಯೋ ಯಂತ್ರ ಇರುತ್ತೆ ಅಕ್ಕಾ. ಅದಕ್ಕೆ ಕಿವಿ ಇದೆ, ಕಣ್ಣಿಲ್ಲ. ನೀನು ತಲೆ ಆಡಿಸಿದ್ರೂ, ಬೆರಳು ತೋರಿಸಿದ್ರೂ, ಅತ್ರೂ ಅದಕ್ಕೆ ಕಾಣಲ್ಲ. ಬಾಯಿಬಿಟ್ಟು ಹೇಳಿದ್ದೇ ಉಳಿಯೋದು. ಹೆಸರೇ ಎತ್ತಬೇಕು ಅಂತೇನಿಲ್ಲ. ಅವರು ನಿನಗೆ ಏನಾಗ್ಬೇಕು ಅಂತ ಸಂಬಂಧ ಹೇಳಬಹುದು. ಇವತ್ತೇ ಸರ್ಕಾರಿ ವಕೀಲರ ಹತ್ರ ಹೋಗಿ, ಈ ಕಾಗದ ತಪ್ಪು ಅಂದ್ರೆ ಹೊಸ ಹೇಳಿಕೆ ಬರ್ಕೊಳ್ತಾರೆ. ಬಾ."

ನೊಬಂದ್ಲಾ ಅತ್ತೆಯ ಮುಖ ನೋಡಿದಳು. "ಇವತ್ತು ಬೇಡ," ಅಂದಳು. ಅದೇ ಅವಳು ಮಾಡಿದ ತಪ್ಪು.

ಕೋರ್ಟಿನಲ್ಲಿ ಮೇಜಿನ ಮೇಲೆ ಆ ಯಂತ್ರದ ಸಣ್ಣ ಕೆಂಪು ದೀಪ ಉರಿಯುತ್ತಿತ್ತು. ಸರ್ಕಾರಿ ವಕೀಲ ಕೇಳಿದ, ದುಭಾಷಿ ಖೋಸಾದಲ್ಲಿ ಹೇಳಿದ: "ಗುಡಿಸಲಿನಿಂದ ಹೊರಗೆ ಬಂದವರು ಯಾರು?" ನೊಬಂದ್ಲಾ ಸೆರಗಿನಿಂದ ಬಾಯಿ ಮುಚ್ಚಿ ಬೆರಳು ಚಾಚಿದಳು. ಆದರೆ ಕಟಕಟೆಯಲ್ಲಿ ಅವನಿಗೆ ಅಂಟಿಕೊಂಡೇ ಇಬ್ಬರು ಪೊಲೀಸರು ನಿಂತಿದ್ದರು.

ಅವನ ಕಡೆಯ ವಕೀಲ ಎದ್ದ. "ಸಾಕ್ಷಿ ಏನೂ ಹೇಳಿಲ್ಲ. ಬೆರಳು ಯಾರ ಕಡೆಗೋ ಯಾರು ಬಲ್ಲರು? ಗೊತ್ತಿಲ್ಲ ಅಂತ ಹೇಳಿಕೆಯಲ್ಲೇ ಇದೆ."

"ದಾಖಲಾಗಿದ್ದನ್ನು ಹಾಕಿ, ಕೇಳೋಣ," ಅಂದರು ಮ್ಯಾಜಿಸ್ಟ್ರೇಟಮ್ಮ.

ಗುಮಾಸ್ತ ಗುಂಡಿ ಒತ್ತಿದ. ದುಭಾಷಿಯ ದನಿ ಕೇಳಿತು: ಹೊರಗೆ ಬಂದವರು ಯಾರು? ಆಮೇಲೆ ಏನೂ ಇಲ್ಲ. ಒಂದು ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಮತ್ತೆ ಏನೂ ಇಲ್ಲ. ಆ ಮೌನ ಮುಗಿಯಲೇ ಇಲ್ಲ. ಮಾಭೆಲೆಯನ್ನು ಎರಡನೇ ಸಲ ಕೊಂದಂತೆ ನೊಬಂದ್ಲಾಳಿಗೆ ಅನ್ನಿಸಿತು.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಚೀತ್ಕಾರ. ನೊಸಾಯಿನಿ ಎರಡೂ ಕಿವಿ ಮುಚ್ಚಿಕೊಂಡು ಎದ್ದು ನಿಂತಿದ್ದಳು.

"ನಿಲ್ಸಿ ಅದನ್ನ! ಮಾಭೆಲೆ ಜೋಳ ಅರೀತಾ ಇದಾಳೆ! ಕೇಳಿಸ್ತಿಲ್ವಾ ನಿಮಗೆ? ಒಳಗೆ ಕೂತು ಅರೀತಾ ಇದಾಳೆ!"

ಯಾರಿಗೂ ಏನೂ ಕೇಳಿಸಿರಲಿಲ್ಲ. ಮ್ಯಾಜಿಸ್ಟ್ರೇಟಮ್ಮ ಸನ್ನೆ ಮಾಡಿದರು, ಪೊಲೀಸಮ್ಮ ಮುದುಕಿಯನ್ನು ಹೊರಗೆ ನಡೆಸಿದಳು. ಬಾಗಿಲ ಹತ್ತಿರ ನೊಸಾಯಿನಿ ತಿರುಗಿದಳು. ಮುಖ ಬೂದಿಯಾಗಿತ್ತು. "ನಾಲ್ಕು ತಿಂಗಳಿಂದ ಗಾಳಿ ಅಂದೆ," ಅಂದಳು. "ಸಾಕು. ನೋಡಿದ್ದು ಹೇಳು ಮಗಳೇ. ನಮ್ಮ ಒಲೆ ನಿನ್ನದೇ."

ನೊಬಂದ್ಲಾ ಬಾಯಿಂದ ಸೆರಗು ತೆಗೆದಳು.

"ನೋಡಿದ್ದನ್ನ ಹೇಳ್ತೀನಿ. ಯಾರ ಭಯಕ್ಕೂ ಅಲ್ಲ, ಯಾರ ಮಾತಿಗೂ ಅಲ್ಲ. ಆ ಕಾಗದ ನನಗೆ ಯಾರೂ ಓದಿ ಹೇಳಿಲ್ಲ. ಹೊರಗೆ ಬಂದವರು ನನ್ನ ಮಾವನ ಕೊನೆಯ ತಮ್ಮ. ಇಲ್ಲಿ ನೀಲಿ ಅಂಗಿ ಹಾಕ್ಕೊಂಡು ನಿಂತಿದಾರಲ್ಲ, ಅವರೇ. ಕೋಲು ಹುಲ್ಲಿಗೆ ಒರೆಸಿದ್ರು. ನನ್ನ ಕಣ್ಣಾರೆ ನೋಡಿದೆ."

"ಸಾಕ್ಷಿ ಆರೋಪಿಯನ್ನು ಬಾಯಿಬಿಟ್ಟು ಗುರುತಿಸಿದ್ದಾರೆ ಎಂದು ದಾಖಲಾಗಲಿ," ಅಂದರು ಮ್ಯಾಜಿಸ್ಟ್ರೇಟಮ್ಮ, ಯಂತ್ರಕ್ಕೆ ಕೇಳುವಂತೆ ಗಟ್ಟಿಯಾಗಿ.

"ಅಮ್ಮಾ, ಒಂದ್ಸಲ ಹಾಕಿ," ಅಂದಳು ನೊಬಂದ್ಲಾ. "ನಾನು ಕೇಳ್ಬೇಕು."

ಗುಮಾಸ್ತ ಹಾಕಿದ. ಈ ಸಲ ಅದರಲ್ಲಿ ಇದ್ದವಳು ಅವಳೇ. ಕಟಕಟೆಯಲ್ಲಿದ್ದವನು ತಲೆ ತಗ್ಗಿಸಿದ. ಎರಡು ತಿಂಗಳ ಮೇಲೆ ಶಿಕ್ಷೆ ಓದುವಾಗ ಮ್ಯಾಜಿಸ್ಟ್ರೇಟಮ್ಮ ಅವಳ ಮಾತನ್ನೇ ಮೊದಲಿನಿಂದ ಕೊನೆಯವರೆಗೆ ಓದಿದರು.

ಅಕ್ಕಂದಿರೇ, ಅಣ್ಣಂದಿರೇ, ನಾಳೆ ನೀವೂ ಸಾಕ್ಷಿಯಾಗಬಹುದು. ನಿಮ್ಮ ಮಾತಲ್ಲಿ ಓದಿ ಹೇಳುವ ತನಕ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಆಗಲೇ ಒತ್ತಿಬಿಟ್ಟಿದ್ದರೆ ವಿಚಾರಣೆಗೆ ಮುಂಚೆಯೇ ಸರ್ಕಾರಿ ವಕೀಲರಿಗೆ ತಿಳಿಸಿ, ನೊಬಂದ್ಲಾಳ ಹಾಗೆ ಇವತ್ತು ಬೇಡ ಅನ್ನಬೇಡಿ. ಕೋರ್ಟಿನಲ್ಲಿ ತಲೆ ಆಡಿಸಬೇಡಿ, ಬಾಯಿಬಿಟ್ಟು ಹೇಳಿ. ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ, ನಾಚಿಕೆ ಬೇಡ. ಸತ್ತವರು ಕಟಕಟೆ ಹತ್ತಲಾರರು. ಅವರ ಪಾಲಿಗೆ ಇರುವುದು ನಿಮ್ಮ ದನಿ ಒಂದೇ.